ಒಂದರಿಂದ ಎಂಟು ಇಂಚು

ಹವಾಮಾನದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ಶಿಕಾಗೋ ಪಕ್ಕದ ಓಕ್ ಬ್ರೂಕಿನ ಒಂದು ಖಾಸಗಿ ಕಂಪನಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕುಳಿತು, ನಾಳೆ ಹಿಮ ಬೀಳುತ್ತದೆಯೋ ಇಲ್ಲವೋ ಎಂದು ಹೇಳಿ ಅನ್ನ ತಿಂದವಳು, ಅಷ್ಟೆ. ಅಷ್ಟು ವರ್ಷಗಳಲ್ಲಿ ಎಷ್ಟೋ ಸಲ ತಪ್ಪು ಹೇಳಿದ್ದೇನೆ. ಅದಕ್ಕೆಲ್ಲ ನನಗೇನೂ ನಾಚಿಕೆಯಿಲ್ಲ. ಆದರೆ ನಿವೃತ್ತಿಗೆ ಎರಡು ವರ್ಷ ಇದ್ದಾಗ ನಾನು ಬರೆದ ಒಂದು ಮುನ್ಸೂಚನೆಯಿಂದ ಒಬ್ಬ ಹಿರಿಯರ ಪ್ರಾಣಕ್ಕೆ ಸಂಚಕಾರ ಬಂತು. ಆ ಮುನ್ಸೂಚನೆ ಎಳ್ಳಷ್ಟೂ ತಪ್ಪಾಗಿರಲಿಲ್ಲ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಅದು ಅರ್ಥವಾಗಬೇಕಾದರೆ ಮೊದಲು ಈ ಕಸುಬು ಎಂಥದ್ದೆಂದು ಗೊತ್ತಾಗಬೇಕು.

ಮೈಸೂರಿನಲ್ಲಿ ಫಿಸಿಕ್ಸ್ ಓದಿ, ಮದುವೆಯಾಗಿ ಶಿಕಾಗೋಗೆ ಬಂದು, ಇಲ್ಲಿ ಮತ್ತೆ ಕಾಲೇಜಿಗೆ ಹೋಗಿ ಹವಾಮಾನ ಶಾಸ್ತ್ರ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ದಿನ ನೋಡಿದರೆ ಆಫೀಸಿಗೆ ಕಿಟಕಿಯೇ ಇಲ್ಲ. ಆಕಾಶದ ಸಮಾಚಾರ ಹೇಳಿ ಸಂಬಳ ಎಣಿಸುವ ಹನ್ನೆರಡು ಜನ, ನಾಲ್ಕು ಗೋಡೆಗಳ ನಡುವೆ, ಟ್ಯೂಬ್‌ಲೈಟಿನ ಕೆಳಗೆ. ಹೊರಗೆ ಮಳೆ ಬರುತ್ತಿದೆಯೇ ಎಂದು ತಿಳಿಯಬೇಕಾದರೆ ಊಟಕ್ಕೆ ಹೋದವರು ಯಾರಾದರೂ ಒದ್ದೆಯಾಗಿ ವಾಪಸು ಬರಬೇಕಿತ್ತು. ಒಮ್ಮೆ ನಾನು ಒಂದು ಶಾಲೆಗೆ "ಸಂಜೆಯವರೆಗೂ ಒಣಹವೆ" ಎಂದು ಬರೆದು ಕಳಿಸಿ, ಮನೆಗೆ ಹೊರಟು, ಪಾರ್ಕಿಂಗ್ ಲಾಟಿನಲ್ಲಿ ನನ್ನದೇ ಕಾರು ಯಾವುದೆಂದು ಹುಡುಕಬೇಕಾಯಿತು. ಎಲ್ಲವೂ ಬೆಳ್ಳಗಿದ್ದವು.

ಗಿರಾಕಿಗಳ ವಿಷಯ ಹೇಳುತ್ತೇನೆ. ಶಾಲೆಗಳ ಮುಖ್ಯಸ್ಥರು ನಮ್ಮಿಂದ ಮುನ್ಸೂಚನೆ ತರಿಸಿಕೊಂಡು, ಅದನ್ನು ಮೇಜಿನ ಮೇಲಿಟ್ಟು, ಪಕ್ಕದ ಊರಿನ ಶಾಲೆ ರಜೆ ಕೊಟ್ಟಿತೋ ಇಲ್ಲವೋ ನೋಡಿ ತಾವೂ ಹಾಗೇ ಮಾಡುತ್ತಿದ್ದರು. ಪಕ್ಕದ ಊರಿನವರು ಇವರನ್ನು ನೋಡುತ್ತಿದ್ದರು. ಒಬ್ಬ ಮಾಲ್ ಮ್ಯಾನೇಜರ್ ಇದ್ದ; "ಶನಿವಾರದ ಸೇಲ್ ಮುಗಿಯುವವರೆಗೆ ಏನಾದರೂ ಮಾಡಲು ಆಗುತ್ತದೆಯೇ?" ಎಂದು ನನ್ನನ್ನು ಕೇಳುತ್ತಿದ್ದ, ಹಿಮದ ಗೋದಾಮಿನ ಬೀಗದ ಕೈ ನನ್ನ ಸೊಂಟದಲ್ಲಿದೆ ಎಂಬಂತೆ. ಉಳಿದವರು ಪಾರ್ಕಿಂಗ್ ಲಾಟುಗಳ ಹಿಮ ತೆಗೆಯುವ ಕಂಟ್ರಾಕ್ಟರುಗಳು. ಇವರಿಗೆ ಮುನ್ಸೂಚನೆ ಬೇಕಾಗಿದ್ದದ್ದು ಹಿಮಕ್ಕಿಂತ ಹೆಚ್ಚಾಗಿ ಕೋರ್ಟಿಗೆ. ಯಾರಾದರೂ ಜಾರಿಬಿದ್ದು ಕೇಸು ಹಾಕಿದರೆ, ಹವಾಮಾನದವರು ಹೀಗೆ ಹೇಳಿದ್ದರು ಎಂದು ತೋರಿಸಲು ಒಂದು ಕಾಗದ ಬೇಕು. ಆ ಕಾಗದ ಬರೆಯುವುದೇ ನಮ್ಮ ಕೆಲಸ.

ನಮ್ಮ ಬಾಸ್ ಹೆಸರು ಡೇಲ್. ಒಳ್ಳೆಯ ಮನುಷ್ಯ, ಪ್ರತಿ ಕ್ರಿಸ್‌ಮಸ್ಸಿಗೆ ತಾನೇ ಮಾಡಿದ ಕುಕ್ಕಿ ಹಂಚುತ್ತಿದ್ದ. ಅವನು ನನಗೆ ಕಲಿಸಿದ ಮೊದಲ ಪಾಠ: "ಮುನ್ಸೂಚನೆ ಸರಿಯಾಗಲೇಬೇಕು ಅಂತೇನೂ ಇಲ್ಲ. ತಪ್ಪಾಗಬಾರದು." ಈ ಎರಡರ ನಡುವೆ ಇರುವ ಅಂತರದಲ್ಲಿ ಅವನು ಒಂದು ಕಂಪನಿಯನ್ನೇ ಕಟ್ಟಿದ್ದ. ನಾನು "ಸಂಜೆ ಹಿಮ ಬೀಳುತ್ತದೆ" ಎಂದು ಬರೆದರೆ, ಕೆಂಪು ಪೆನ್ನಿನಿಂದ "ಸಂಜೆಯ ಆಸುಪಾಸಿನಲ್ಲಿ ಹಿಮ ಬೀಳುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ" ಎಂದು ತಿದ್ದುತ್ತಿದ್ದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನಿಗೆ ಸಮನಾದವರನ್ನು ನಾನು ಕಂಡಿಲ್ಲ.

ಈಗ ಮಾಡೆಲ್ ವಿಷಯ. ಮಾಡೆಲ್ ಎಂದರೆ ಒಂದು ಮಹಾ ಲೆಕ್ಕ. ಈ ಕ್ಷಣ ಗಾಳಿ, ತೇವ, ಒತ್ತಡ ಎಲ್ಲೆಲ್ಲಿ ಎಷ್ಟಿದೆ ಎಂದು ಕಂಪ್ಯೂಟರಿಗೆ ಕೊಟ್ಟರೆ ಮುಂದೆ ಏನಾಗಬಹುದೆಂದು ಅದು ಲೆಕ್ಕ ಹಾಕುತ್ತದೆ. ಒಂದು ಸಲ ಹಾಕಿದ ಲೆಕ್ಕಕ್ಕೆ ಒಂದು ರನ್ ಎನ್ನುತ್ತೇವೆ. ಯುರೋಪಿನವರದು ಒಂದು ಮಾಡೆಲ್, ಅಮೆರಿಕದವರದು ಒಂದು, ಕೆನಡಾದವರದು ಇನ್ನೊಂದು. ದಿನಕ್ಕೆ ಹಲವು ರನ್‌ಗಳು. ನಾನು ಸೇರಿದಾಗ ನಕ್ಷೆಗಳು ಉದ್ದುದ್ದ ಕಾಗದದಲ್ಲಿ ಬರುತ್ತಿದ್ದವು. ಗೋಡೆಗೆ ಅಂಟಿಸಿ ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆವು. ಆಮೇಲೆ ಒಂದೇ ಮಾಡೆಲನ್ನು, ಆರಂಭದ ಅಂಕಿಗಳನ್ನು ತುಸು ತುಸುವೇ ಬದಲಿಸಿ, ಐವತ್ತು ಸಲ ಓಡಿಸುವ ಪದ್ಧತಿ ಬಂತು. ಆ ಐವತ್ತು ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಹಾಕಿದರೆ ತಟ್ಟೆಗೆ ಬಡಿಸಿದ ಶಾವಿಗೆ. ಈಗಂತೂ ಕೃತಕ ಬುದ್ಧಿಯ ಮಾಡೆಲುಗಳು ಬಂದು, ಕಾಫಿ ಆರುವುದರೊಳಗೆ ಉತ್ತರ ಕೊಡುತ್ತವಂತೆ. ಉತ್ತರಗಳು ಹೆಚ್ಚಿದಷ್ಟೂ ಜನ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳುವುದೂ ಹೆಚ್ಚಿತು. ಮಗಳ ಬರ್ತ್‌ಡೇ ಪಾರ್ಟಿ ಇಟ್ಟುಕೊಂಡವರು ಹಿಮ ಇಲ್ಲ ಎನ್ನುವ ಆ್ಯಪ್ ನಂಬುತ್ತಾರೆ. ಸೋಮವಾರ ಆಫೀಸಿಗೆ ಹೋಗಲು ಮನಸ್ಸಿಲ್ಲದವರು ಹದಿನಾಲ್ಕು ಇಂಚು ಎನ್ನುವ ಆ್ಯಪ್ ನಂಬುತ್ತಾರೆ. ಹತ್ತು ದಿನ ಮುಂಚೆಯೇ ಯಾವನೋ ಒಬ್ಬ ಭಾರಿ ಹಿಮವೆಂದು ನೇರಳೆ ಬಣ್ಣ ಬಳಿದ ನಕ್ಷೆಯನ್ನು ವಾಟ್ಸ್ಯಾಪಿಗೆ ಹಾಕುತ್ತಾನೆ. ಅರ್ಧ ಗಂಟೆಯಲ್ಲಿ ನೇಪರ್‌ವಿಲ್ಲಿನ ಇಂಡಿಯನ್ ಅಂಗಡಿಯಲ್ಲಿ ಮೊಸರು ಮತ್ತು ಕೊತ್ತಂಬರಿ ಸೊಪ್ಪು ಖಾಲಿ.

ಇಷ್ಟು ನಗಾಡುವ ನಾನೂ ಒಮ್ಮೆ ನಗೆಪಾಟಲಾದವಳೇ. ನಮ್ಮ ಕನ್ನಡ ಸಂಘದ ಸಂಕ್ರಾಂತಿ ಶಿಕಾಗೋ ಹತ್ತಿರದ ಪ್ಲೇನ್‌ಫೀಲ್ಡಿನ ಒಂದು ಹೈಸ್ಕೂಲಿನಲ್ಲಿ ಇತ್ತು. ಹಿಮದ ಬಿರುಗಾಳಿ ಬರುತ್ತದೆಂಬ ಸುದ್ದಿ ಹಬ್ಬಿ, ಹಿಂದಿನ ದಿನ ಸಂಘದ ಅಧ್ಯಕ್ಷ ಡಾಕ್ಟರ್ ಶ್ರೀಧರ್ ಫೋನ್ ಮಾಡಿದರು.

"ವಸುಧಾ ಅವ್ರೇ, ಎಲ್ರೂ ಒಂದೊಂದ್ ಆ್ಯಪ್ ತೋರಿಸ್ತಿದಾರೆ. ನನ್ನ ಮಗ ಅಂತೂ 'ಡ್ಯಾಡ್, ಇಟ್ಸ್ ಗೋನ್ನ ಮಿಸ್ ಅಸ್' ಅಂತಾನೆ. ನೀವು ಪ್ರೊಫೆಷನಲ್, ನೀವ್ ಹೇಳಿದ್ರೆ ಮುಗೀತು. ಕ್ಯಾನ್ಸಲ್ ಮಾಡ್ಲಾ, ಬೇಡ್ವಾ?"

ಆಫೀಸಿನಲ್ಲಿ ಸಾಧ್ಯತೆ, ಸಂಭವ ಎಂದು ಬರೆದು ಬರೆದು ನನ್ನ ಕೈ ಜಡ್ಡುಗಟ್ಟಿತ್ತು. ಯಾರೋ ಒಬ್ಬರು ನೇರವಾಗಿ ಕೇಳಿದ ಖುಷಿಗೆ ನೇರವಾಗಿ ಹೇಳಿಬಿಟ್ಟೆ. "ಕ್ಯಾನ್ಸಲ್ ಮಾಡಿ ಸರ್. ಹತ್ತು ಇಂಚು ಗ್ಯಾರಂಟಿ."

ಬಿರುಗಾಳಿ ರಾತ್ರೋರಾತ್ರಿ ದಕ್ಷಿಣಕ್ಕೆ ಜಾರಿ ಇಂಡಿಯಾನಾದ ಕಡೆ ಹೋಯಿತು. ಪ್ಲೇನ್‌ಫೀಲ್ಡಿನಲ್ಲಿ ಆ ದಿನ ಬಿದ್ದಂಥ ಚೆಂದದ ಬಿಸಿಲನ್ನು ನಾನು ಜನವರಿಯಲ್ಲಿ ಮತ್ತೆ ನೋಡಿಲ್ಲ. ಮುನ್ನೂರು ಜನಕ್ಕೆ ಮಾಡಿದ್ದ ಸಿಹಿ ಪೊಂಗಲನ್ನು ಸಮಿತಿಯವರು ಮನೆಮನೆಗೆ ಹಂಚಿದರು. ನನ್ನ ಮನೆಗೆ ಮಾತ್ರ ಎರಡು ದೊಡ್ಡ ಟ್ರೇ ಬಂತು, ಮೇಲೆ ಒಂದು ಚೀಟಿ: "ಹಿಮ ಎತ್ತೋ ಶವೆಲ್ ಇಟ್ಕೊಂಡು ತಿನ್ನಿ." ನಾನೂ ನನ್ನ ಗಂಡನೂ ಒಂದು ವಾರ ಅದನ್ನೇ ತಿಂದೆವು. ಊರಿಗೆಲ್ಲ ನಾನು 'ಇಂಚ್ ಆಂಟಿ' ಆದೆ. ಮಗಳು ಕಾಲೇಜಿನಿಂದ ಫೋನ್ ಮಾಡಿ, "ಅಮ್ಮಾ, ಜಸ್ಟ್ ಸೇ ಯೂ ಡೋಂಟ್ ನೋ," ಎಂದಳು. ಡೇಲ್‌ಗೆ ವಿಷಯ ಗೊತ್ತಾದಾಗ ಅವನು ನಗಲಿಲ್ಲ. ಮಗು ಬಿಸಿ ಪಾತ್ರೆ ಮುಟ್ಟಿ ಪಾಠ ಕಲಿತಾಗ ದೊಡ್ಡವರು ನೋಡುವ ಹಾಗೆ ನನ್ನನ್ನು ನೋಡಿದ.

ನನಗೆ ಒಬ್ಬನೇ ಒಬ್ಬ ಗಿರಾಕಿಯ ಜೊತೆ ಮಾತ್ರ ಈ ಪಾಠ ನಡೆಯುತ್ತಿರಲಿಲ್ಲ. ಅವನು ಫಾರೂಕ್, ಹುಬ್ಬಳ್ಳಿಯವನು, ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ ಹಿಮ ತೆಗೆಯುವ ವ್ಯವಹಾರ ಮಾಡುವವನು. ನನಗಿಂತ ಹತ್ತು ವರ್ಷ ಚಿಕ್ಕವನು. ಮೊದಲ ವರ್ಷವೇ ನಾನು ಅವನಿಗೆ ಅಕ್ಕಾರು ಆಗಿದ್ದೆ. ಮುಂದೆ ಹಿಮ ತಳ್ಳುವ ಸ್ನೋ ಪ್ಲೋ ಕಟ್ಟಿದ ಆರು ಟ್ರಕ್‌ಗಳು ಅವನ ಹತ್ತಿರ ಇದ್ದವು. ವಾರೆನ್‌ನಲ್ಲಿ ಹನ್ನೊಂದು ಪಾರ್ಕಿಂಗ್ ಲಾಟು, ಅದರಲ್ಲಿ ಒಂದು ಡಯಾಲಿಸಿಸ್ ಸೆಂಟರಿನದು. ಅದಲ್ಲದೆ, ಐದು ಗಂಟೆ ದಾರಿಯಾಚೆ ನಮ್ಮ ಪ್ಲೇನ್‌ಫೀಲ್ಡಿನಲ್ಲಿ ಎರಡು ಅಂಗಡಿ ಸಾಲುಗಳ ಕೆಲಸವನ್ನೂ ಹಿಡಿದಿದ್ದ. ಅಲ್ಲಿಗೆಂದು ಬೇರೆ ಟ್ರಕ್ ಇಟ್ಟಿರಲಿಲ್ಲ. ಹಿಮ ಎಲ್ಲಿ ಬೀಳುತ್ತದೋ ಅಲ್ಲಿಗೆ ಟ್ರಕ್ ಓಡಿಸುವುದು ಅವನ ಪದ್ಧತಿ. ಎಲ್ಲಿ ಬೀಳುತ್ತದೆಂದು ನಾನು ಹೇಳಬೇಕು.

ಇಂಗ್ಲಿಷಿನ ಮುನ್ಸೂಚನೆ ಈಮೇಲಿನಲ್ಲಿ ಹೋದ ಹತ್ತು ನಿಮಿಷಕ್ಕೆ ಅವನ ಫೋನ್ ಬರುತ್ತಿತ್ತು.

"ಅಕ್ಕಾರ, ಕೋರ್ಟಿನ ಕಾಗದ ಬಂತ್ರಿ. ನಮ್ಮ ಮಾಮು ಫೈಲಿಗೆ ಹಾಕ್ಯಾರ. ಈಗ ಕನ್ನಡದಾಗ ಹೇಳ್ರಿ. ಬೀಳತೈತೋ ಇಲ್ಲೋ?"

"ಬೀಳಲ್ಲ ಕಣೋ. ಮನೇಲಿ ಬೆಚ್ಚಗೆ ಮಲಗು."

ಅಥವಾ, "ಬೀಳತ್ತೆ. ಎಲ್ಲಾ ಟ್ರಕ್ ಅಲ್ಲೇ ಇಟ್ಕೋ."

ಇದು ವರ್ಷಗಟ್ಟಲೆ ನಡೆಯಿತು. ಈ ಕನ್ನಡದ ಮುನ್ಸೂಚನೆಗಳು ಎಲ್ಲೂ ದಾಖಲಾಗಲಿಲ್ಲ. ಕೆಲವು ಸಲ ತಪ್ಪಿದ್ದೂ ಉಂಟು. ಆಗ ಅವನು "ಹೋಗ್ಲಿ ಬಿಡ್ರಿ, ದೇವರ ಮನಸ್ಸು" ಎನ್ನುತ್ತಿದ್ದ, ಮುಂದಿನ ಸಲ ಮತ್ತೆ ಕೇಳುತ್ತಿದ್ದ. ನನ್ನ ವೃತ್ತಿಯಲ್ಲಿ ನಾನು ನಿಜವಾಗಿ ಹವಾಮಾನ ಹೇಳಿದ್ದು ಆ ಫೋನಿನಲ್ಲಿ ಮಾತ್ರ ಎಂದು ಈಗ ಅನ್ನಿಸುತ್ತದೆ.

ಅವನು ಹೇಳುತ್ತಿದ್ದ ಮಾಮು ಎಂದರೆ ಅವನ ತಾಯಿಯ ಅಣ್ಣ, ಬಾಬಾಜಾನ್ ಸಾಹೇಬರು. ಹುಬ್ಬಳ್ಳಿಯ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮೇಲೆ ಅಳಿಯನ ಆಫೀಸು ನೋಡಿಕೊಳ್ಳಲು ಬಂದವರು. ನಾವು ಕಳಿಸಿದ ಪ್ರತಿಯೊಂದು ಮುನ್ಸೂಚನೆಯನ್ನೂ ಪ್ರಿಂಟ್ ತೆಗೆದು, ತೂತು ಹೊಡೆದು, ದಾರ ಹಾಕಿ ಕಟ್ಟಿ, ಅಂಚಿಗೆ ನಂಬರು ಬರೆಯುತ್ತಿದ್ದರು. ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದೆ. "ನಿಮ್ಮ ಕಂಪನಿಯವರ ಬರವಣಿಗೆ ಭಾಳ ಪಕ್ಕಾ ಐತ್ರಿ ಅಕ್ಕಾರ. ಎಲ್ಲೂ ಸಿಕ್ಕಿ ಬೀಳೂದಿಲ್ಲ," ಎಂದು ಮೆಚ್ಚಿಕೊಂಡಿದ್ದರು. ಡೇಲ್‌ಗೆ ಇದನ್ನು ಹೇಳಿದಾಗ ಅವನ ಮುಖ ಅರಳಿತು.

ನಿವೃತ್ತಿಗೆ ಎರಡು ವರ್ಷ ಇದ್ದಾಗ ನಮ್ಮ ಕಂಪನಿಗೆ ಒಬ್ಬ ವಕೀಲರು ಬಂದು, ಫೋನುಗಳಲ್ಲಿ ನಡೆಯುವ ಎಲ್ಲ ಮಾತನ್ನೂ ರೆಕಾರ್ಡ್ ಮಾಡಬೇಕೆಂದು ತೀರ್ಮಾನಿಸಿದರು. ಈಮೇಲಿನಲ್ಲಿ ಇಲ್ಲದ್ದನ್ನು ಫೋನಿನಲ್ಲಿ ಹೇಳಿದರೆ ಕೆಲಸಕ್ಕೆ ಕುತ್ತು. ನಾನು ಕೈ ಎತ್ತಿ, ಬೇರೆ ಭಾಷೆಯಲ್ಲಿ ಮಾತಾಡಿದರೆ ಎಂದು ಕೇಳಿದೆ. "ಅನುವಾದಕರನ್ನು ಕರೆಸುತ್ತೇವೆ," ಎಂದರು ವಕೀಲರು ನಗುತ್ತಾ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದಾದ ಕೆಲವೇ ವಾರಗಳಲ್ಲಿ ಆ ಬಿರುಗಾಳಿ ಬಂತು. ನಾಲ್ಕು ದಿನ ಮುಂಚೆಯಿಂದ ಮಾಡೆಲುಗಳ ಜಗಳ. ಅಮೆರಿಕದ ಮಾಡೆಲ್ ಅದನ್ನು ನೇರ ಶಿಕಾಗೋದ ಮೇಲೆ ತಂದು ಕೂರಿಸುತ್ತಿತ್ತು. ಯುರೋಪಿನದು, ಶಿಕಾಗೋ ಒಣಗಿಕೊಂಡಿರುತ್ತದೆ, ಓಹಾಯೋ ಮೇಲೆ ಹಾದು ಡೆಟ್ರಾಯ್ಟಿಗೆ ಬಡಿಯುತ್ತದೆ ಎನ್ನುತ್ತಿತ್ತು. ಅಲ್ಲಿಯವರೆಗೆ ಆ ಬಿರುಗಾಳಿಯ ಮೂಲ ಇನ್ನೂ ಪೆಸಿಫಿಕ್ ಸಮುದ್ರದ ಮೇಲಿತ್ತು. ಅಲ್ಲಿ ಬಲೂನು ಹಾರಿಸಿ ಅಳೆಯುವವರಿಲ್ಲ. ಎರಡು ದಿನ ಮುಂಚೆ ಅದು ಸಮುದ್ರ ದಾಟಿ ನೆಲದ ಮೇಲಕ್ಕೆ ಬಂತು. ಬಲೂನುಗಳು ಅದನ್ನು ಅಳೆದವು. ಹಿಂದಿನ ದಿನ ಮಧ್ಯಾಹ್ನದ ರನ್‌ನಲ್ಲಿ ಯುರೋಪಿನ ಮಾಡೆಲ್ ತನ್ನ ಜಾಗದಿಂದ ಕದಲಲಿಲ್ಲ. ಅಮೆರಿಕದ್ದು ಒಂದು ಹೆಜ್ಜೆ ಪೂರ್ವಕ್ಕೆ ಸರಿಯಿತು. ಐವತ್ತು ಶಾವಿಗೆಗಳೂ ಪೂರ್ವಕ್ಕೇ ಒಟ್ಟಾದವು. ಇಷ್ಟು ವರ್ಷ ನೋಡಿದ ಕಣ್ಣಿಗೆ ಇನ್ನೇನೂ ಬೇಕಿರಲಿಲ್ಲ. ನಾನು ಬರೆದೆ: ವಾರೆನ್, ಆರರಿಂದ ಎಂಟು ಇಂಚು. ಪ್ಲೇನ್‌ಫೀಲ್ಡ್, ಇಲ್ಲವೇ ಇಲ್ಲ ಎನ್ನುವಷ್ಟು.

ಡೇಲ್ ಬಂದು ನನ್ನ ಕುರ್ಚಿಯ ಹಿಂದೆ ನಿಂತ. ಕೆಂಪು ಪೆನ್ನು ತೆಗೆಯಲಿಲ್ಲ. "ಅಮೆರಿಕದ ಮಾಡೆಲ್ ಇನ್ನೂ ಪೂರ್ತಿ ಒಪ್ಪಿಲ್ಲ. ನಿನಗೆ ಖಾತ್ರಿ ಇದ್ದರೆ ಹಾಗೇ ಕಳಿಸು," ಎಂದ ಅಷ್ಟೆ. ಅದೇ ಸಾಕಾಯಿತು. ನನಗೆ ಎರಡು ಟ್ರೇ ಪೊಂಗಲ್ ನೆನಪಾಯಿತು. ನನ್ನ ಕೈಯಾರೆ ಎರಡೂ ಊರಿಗೆ "ಒಂದರಿಂದ ಎಂಟು ಇಂಚು, ಬಿರುಗಾಳಿಯ ಹಾದಿಯನ್ನು ಅವಲಂಬಿಸಿ" ಎಂದು ತಿದ್ದಿದೆ. ಒಂದು ಇಂಚಿಗೆ, ಹಿಮ ಕರಗಿಸುವ ಉಪ್ಪು ಎರಚಿದರೆ ಸಾಕು. ಎಂಟು ಇಂಚಿಗೆ ಸೈನ್ಯ ಬೇಕು. ಅದು ಗೊತ್ತಿದ್ದೇ ಬರೆದೆ.

ಫಾರೂಕ್ ಫೋನ್ ಬಂತು.

"ಅಕ್ಕಾರ, ಇದೇನ್ರಿ ಒಂದರಿಂದ ಎಂಟು? ಎರಡೂ ಊರಿಗೂ? ನಾ ಟ್ರಕ್ ಎಲ್ಲಿ ಇಡ್ಲಿ? ಈಗ ಹೊಂಟ್ರ ಮಾತ್ರ ಪ್ಲೇನ್‌ಫೀಲ್ಡ್ ಮುಟ್ತಾರ. ಕನ್ನಡದಾಗ ಹೇಳ್ರಿ."

ಫೋನಿನ ಮೇಲೆ ವಕೀಲರು ಅಂಟಿಸಿದ, ಮಾತು ರೆಕಾರ್ಡ್ ಆಗುತ್ತಿದೆ ಎನ್ನುವ ಸ್ಟಿಕ್ಕರ್ ಕಾಣುತ್ತಿತ್ತು.

"ಈಮೇಲಿನಲ್ಲಿ ಏನಿದೆಯೋ ಅದೇ, ಫಾರೂಕ್. ಬೇರೆ ಏನೂ ಹೇಳೋ ಹಾಗಿಲ್ಲ."

"ಒಂದ ಮಾತು, ಅಕ್ಕಾರ. ಬೀಳತೈತೋ ಇಲ್ಲೋ?"

"ಈಮೇಲ್ ನೋಡ್ಕೋಪ್ಪಾ."

ಅವನು "ಆತು ಬಿಡ್ರಿ," ಎಂದು ಫೋನ್ ಇಟ್ಟ. ನನ್ನ ಸ್ವಂತ ಮೊಬೈಲ್ ಕೈಚೀಲದಲ್ಲೇ ಇತ್ತು. ಹೊರಗೆ ಹೋಗಿ ಕಾರಿನಲ್ಲಿ ಕುಳಿತು ಎರಡು ಮಾತು ಹೇಳಬಹುದಿತ್ತು. ಯಾವ ವಕೀಲನಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿ ತಪ್ಪಾದರೆ ಎಂಬ ಹೆದರಿಕೆಯೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿತ್ತು. ವಕೀಲರದು ಬರೀ ನೆಪ.

ಫಾರೂಕ್, ಒಂದರಿಂದ ಎಂಟು ಎಂದು ಕೇಳಿದ ಯಾರಾದರೂ ಮಾಡುವುದನ್ನೇ ಮಾಡಿದ. ಆಳುಗಳನ್ನೂ ಟ್ರಕ್‌ಗಳನ್ನೂ ಅರ್ಧರ್ಧ ಮಾಡಿ ಮೂರನ್ನು ಪ್ಲೇನ್‌ಫೀಲ್ಡಿಗೆ ಓಡಿಸಿದ. ಮರುದಿನ ಬೆಳಿಗ್ಗೆ ಅವನ ಡ್ರೈವರುಗಳು ಇಲ್ಲಿ ಒಣ ಪಾರ್ಕಿಂಗ್ ಲಾಟಿನಲ್ಲಿ ಕಾಫಿ ಹಿಡಿದು ನಿಂತು ಅವನಿಗೆ ಫೋಟೋ ಕಳಿಸಿದರು. ಅಲ್ಲಿ ವಾರೆನ್‌ನಲ್ಲಿ ಏಳು ಇಂಚು ಬಿದ್ದಿತ್ತು, ನೀರು ಕುಡಿದ ಭಾರದ ಹಿಮ. ಮೂರು ಟ್ರಕ್ಕಿಗೆ ಹನ್ನೊಂದು ಲಾಟು. ಡಯಾಲಿಸಿಸ್ ಸೆಂಟರಿಗೆ ಬೆಳಿಗ್ಗೆಯೇ ರೋಗಿಗಳು ಬರುತ್ತಾರೆ, ವೀಲ್‌ಚೇರಿನಲ್ಲಿ. ಟ್ರಕ್ ಲಾಟನ್ನು ಗುಡಿಸಬಲ್ಲದು, ಬಾಗಿಲ ಮುಂದಿನ ಇಳಿಜಾರಿನ ದಾರಿಯನ್ನು ಕೈಯಿಂದಲೇ ತೆಗೆಯಬೇಕು. ಅದಕ್ಕೆ ಆಳಿರಲಿಲ್ಲ. ಬಾಬಾಜಾನ್ ಸಾಹೇಬರು, ಜೀವಮಾನದಲ್ಲಿ ಪೆನ್ನಿಗಿಂತ ಭಾರದ್ದನ್ನು ಎತ್ತದ ಮನುಷ್ಯ, ಯಾರಿಗೂ ಹೇಳದೆ ಆಫೀಸಿನ ಮೂಲೆಯಲ್ಲಿದ್ದ ಶವೆಲ್ ತೆಗೆದುಕೊಂಡು ಹೋದರು. ದಾರಿ ಪೂರ್ತಿ ತೆಗೆದರು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಎದೆ ಹಿಡಿದು ಕುಳಿತರು. ಒಳಗಿದ್ದ ನರ್ಸ್ ನೋಡಿದ್ದರಿಂದ ಪ್ರಾಣ ಉಳಿಯಿತು. ಹೃದಯದ ಒಂದು ಭಾಗ ಉಳಿಯಲಿಲ್ಲ.

ನಮ್ಮ ಆಫೀಸಿನಲ್ಲಿ ಆ ಮುನ್ಸೂಚನೆಗೆ ಪೂರ್ತಿ ಅಂಕ ಬಂತು. ವಾರೆನ್‌ನಲ್ಲಿ ಏಳು, ಅದು ಒಂದು ಮತ್ತು ಎಂಟರ ನಡುವೆ ಇದೆ. ಪ್ಲೇನ್‌ಫೀಲ್ಡಿನಲ್ಲಿ ಬಿದ್ದ ಪುಡಿಯನ್ನು ಡೇಲ್ ಉದಾರವಾಗಿ ಒಂದು ಎಂದು ಹಿಡಿದ. ತಿಂಗಳ ಕೊನೆಗೆ ಅತ್ಯಂತ ನಿಖರ ಮುನ್ಸೂಚನೆಗಾರ್ತಿ ಎಂದು ನನಗೆ ಒಂದು ಸರ್ಟಿಫಿಕೇಟ್ ಕೊಟ್ಟು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೇಕೂ ಇತ್ತು. ಉಳಿದ ಎರಡು ವರ್ಷ ನಾನು ಪ್ರತಿ ಮುನ್ಸೂಚನೆಯ ಕೆಳಗೆ "ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ" ಎಂದು ಒಂದು ಸಾಲು ಸೇರಿಸುತ್ತಿದ್ದೆ. ಡೇಲ್ ಅಳಿಸುತ್ತಿದ್ದ. ಮತ್ತೆ ಸೇರಿಸುತ್ತಿದ್ದೆ. ಎಷ್ಟೋ ಸಲ ತಪ್ಪಾಯಿತು, ಇಬ್ಬರು ಗಿರಾಕಿಗಳು ಬಿಟ್ಟೂ ಹೋದರು. ಹೊಸಬರಿಗೆ ನಾನು ಹೇಳುವುದು ಇಷ್ಟೇ: ತಪ್ಪುವುದಕ್ಕೆ ಹೆದರಬೇಡಿ. ಯಾರಿಗೂ ಉಪಯೋಗಕ್ಕೆ ಬಾರದಷ್ಟು ಸರಿಯಾಗಿರುವುದಕ್ಕೆ ಹೆದರಿ.

ಆ ಬಿರುಗಾಳಿ ಬಂದ ವಾರದ ಶನಿವಾರವೇ ನಾನು ಕಾರು ತೆಗೆದುಕೊಂಡು ಡೆಟ್ರಾಯ್ಟಿನ ಕಡೆ ಹೊರಟೆ. ಐದು ಗಂಟೆ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಭ್ಯಾಸ ಮಾಡಿದೆ. ಆಸ್ಪತ್ರೆಯಲ್ಲಿ ಬಾಬಾಜಾನ್ ಸಾಹೇಬರು ದಿಂಬಿಗೆ ಒರಗಿ ಕುಳಿತಿದ್ದರು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ಆಳು. ಫಾರೂಕ್ ಗೋಡೆಗೆ ಒರಗಿ ನಿಂತಿದ್ದ; ನಮಸ್ಕಾರ ಮಾಡಿದ, ಅಕ್ಕಾರ ಎನ್ನಲಿಲ್ಲ. ನಾನು ಮಂಚದ ಹತ್ತಿರ ಹೋಗಿ ನಿಂತು, ನನ್ನಿಂದ ತಪ್ಪಾಯಿತು ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ನಿಮ್ಮದೇನೂ ತಪ್ಪಿಲ್ರಿ. ನಾ ಕಾಗದ ಓದೀನಿ. ಒಂದರಿಂದ ಎಂಟು ಅಂತ ಬರದೀರಿ, ಏಳು ಬಿದ್ದೈತಿ. ಯಾವ ಕೋರ್ಟಿಗೆ ಹೋದ್ರೂ ನೀವ ಗೆಲ್ತೀರಿ."

ಅವರು ವ್ಯಂಗ್ಯವಾಡುತ್ತಿರಲಿಲ್ಲ. ನನಗೆ ಸಮಾಧಾನ ಹೇಳುತ್ತಿದ್ದರು. ದಾರಿಯುದ್ದಕ್ಕೂ ಕಲಿತದ್ದೆಲ್ಲ ಮರೆತುಹೋಯಿತು.

ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಅವರೇ ಕೇಳಿದರು. "ಒಂದ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆವತ್ತು ಫಾರೂಕ ಫೋನ್ ಮಾಡಿದಾಗ, ಇಲ್ಲೇ ಬೀಳತೈತಿ ಅಂತ ನಿಮಗ ಗೊತ್ತಿತ್ತೇನು?"

ಹೊರಗೆ ಬಿಸಿಲಿತ್ತು. ಆ ಕೋಣೆಗೆ ದೊಡ್ಡ ಕಿಟಕಿಯಿತ್ತು. ಹೇಳಬಹುದಾದ ಉತ್ತರಗಳು ಎಷ್ಟೋ ಇದ್ದವು. ಒಂದೊಂದನ್ನೂ ನಾನು ಇಪ್ಪತ್ತೇಳು ವರ್ಷ ಬರೆದು ಪಳಗಿದ್ದೆ.

"ಗೊತ್ತಿತ್ತು," ಎಂದೆ.

ಅವರು ನನ್ನನ್ನು ನೋಡಿದರು. ಆಮೇಲೆ ಅಳಿಯನ ಕಡೆ ತಿರುಗಿದರು.

"ಫಾರೂಕ, ಅಕ್ಕಾರು ಎಷ್ಟೊತ್ತಿನಿಂದ ನಿಂತಾರ. ಕುರ್ಚಿ ಕೊಡು."